ಹುಳದ ಮಾತ್ರೆ ಕೊಡಿಸಿದರೆ ಮಗುವಿನ ಉಬ್ಬಸ ಜಾಸ್ತಿ ಆಗುತ್ತಾ?

ಪೆರ್ಲದ ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಮಳೆಗಾಲ ಶುರುವಾದರೆ ಉಬ್ಬಸ, ಮೊಣಕೈ ಮಡಿಕೆಯಲ್ಲಿ ತುರಿಕೆ. ಇನ್ಹೇಲರ್ ಇದೆ. ಮುಂದಿನ ವಾರ ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರಂತೆ. ಚೀಟಿ ಬಂದಿದೆ, ಮಲಯಾಳದಲ್ಲಿ. ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸಿಕೊಂಡೆ.

ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ಮೈದುನ ಉದ್ದದ ವಾಯ್ಸ್ ಮೆಸೇಜ್ ಹಾಕಿದ್ದಾನೆ. "ಅತ್ತಿಗೆ, ಕೊಡಿಸಬೇಡಿ. ಹೊಟ್ಟೆಯಲ್ಲಿ ನಾಲ್ಕು ಹುಳ ಇದ್ದರೆ ಅಲರ್ಜಿ ಹತ್ತಿರ ಸುಳಿಯುವುದಿಲ್ಲ. ಅಮೆರಿಕದಲ್ಲಿ ಬೇಕಂತಲೇ ಹುಳದ ಮೊಟ್ಟೆ ಕುಡಿಯುತ್ತಾರೆ. ಹುಳದ ಜೊತೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾನೂ ಹೋಗಿಬಿಡುತ್ತೆ" ಅಂತ. ಅತ್ತೆ ಇನ್ನೊಂದು ಕಡೆ. "ರಾತ್ರಿ ಹಲ್ಲು ಕಡಿಯುತ್ತಾಳೆ, ಬೆಲ್ಲ ತಿಂದು ತಿಂದು ಹುಳ ಆಗಿದೆ, ಕೊಡಿಸು" ಅಂತಾರೆ. ಯಾರ ಮಾತು ಕೇಳಲಿ?

ತೋಟದ ಭಾವ
ಮೈದುನ ಹೇಳಿದ್ದರಲ್ಲಿ ಸತ್ಯ ಉಂಟು ಅಕ್ಕ. ನಾವು ಸಣ್ಣದಿರುವಾಗ ಎಲ್ಲರ ಹೊಟ್ಟೆಯಲ್ಲೂ ಹುಳ. ಪಂಪು ಹಿಡಿದುಕೊಂಡು ಶಾಲೆಗೆ ಬಂದವರನ್ನು ನಾನು ಕಂಡಿಲ್ಲ.

ಮುಳ್ಳೇರಿಯ ಲ್ಯಾಬ್
ಭಾವ, ಆಗ ಉಬ್ಬಸ ಇದ್ದವನು ಶಾಲೆಗೇ ಬರುತ್ತಿರಲಿಲ್ಲ. ಮನೆ ಚಾವಡಿಯಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಮತ್ತೆ ನೀವು ಕಾಣುವುದು ಹೇಗೆ?

ತೋಟದ ಭಾವ
ಅದೂ ಹೌದು ಅನ್ನಿ. ಆದರೂ ಈಗಿನಷ್ಟು ಇರಲಿಲ್ಲ.

ಕುಂಬ್ಳೆ ಮಾಷ್ಟ್ರು
ಆ ಮೆಸೇಜಿನ ಬೇರು ಎಲ್ಲಿದೆ ಅಂತ ಹೇಳುತ್ತೇನೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಎಂಬವರು ಬ್ರಿಟನ್ನಿನ ಮಕ್ಕಳ ಲೆಕ್ಕ ನೋಡಿ, ಮನೆಯಲ್ಲಿ ಅಣ್ಣ ಅಕ್ಕಂದಿರು ಜಾಸ್ತಿ ಇದ್ದವರಿಗೆ ಮೂಗು ಸೋರುವ ಅಲರ್ಜಿ ಕಡಿಮೆ ಅಂತ ಬರೆದರು. ಸಣ್ಣ ವಯಸ್ಸಿನಲ್ಲಿ ಒಬ್ಬರಿಂದ ಒಬ್ಬರಿಗೆ ಸೋಂಕು ಹತ್ತುವುದರಿಂದ ಹೀಗಾಗಿರಬಹುದು ಅನ್ನುವುದು ಅವರ ಊಹೆ. ಹುಳದ ಸುದ್ದಿಯೇ ಅಲ್ಲಿಲ್ಲ. 2003ರ ಹೊತ್ತಿಗೆ ಗ್ರಹಾಂ ರೂಕ್ ಅದನ್ನು ತಿದ್ದಿದರು. ಸಿಕ್ಕಿಸಿಕ್ಕಿದ ಸೋಂಕಲ್ಲ, ಮನುಷ್ಯನ ಜೊತೆ ಲಾಗಾಯ್ತಿನಿಂದ ಇರುವ ಜೀವಿಗಳು ಮುಖ್ಯ ಅಂದರು. ಹುಳ ಆ ಪಟ್ಟಿಗೆ ಬಂತು. ಅದು ವಾಟ್ಸಾಪಿಗೆ ಬರುವಷ್ಟರಲ್ಲಿ "ಮಾತ್ರೆ ಕೊಡಬೇಡಿ" ಆಗಿದೆ.

ಉಪ್ಪಳ ಎಕ್ಸ್‌ಪ್ರೆಸ್
ಎಲ್ಲ ಬಿಡಿ, ಕನ್ನಡ ಮೀಡಿಯಂ ಶಾಲೆಗೆ ಮಲಯಾಳ ಚೀಟಿ ಯಾಕೆ? ಮಾತ್ರೆ ವಿಷಯ ಅಲ್ವಾ ಇದು. ಅರ್ಥ ಆಗದೆ ಯಾರಾದರೂ ಎರಡೆರಡು ತಿನ್ನಿಸಿದರೆ?

ಕುಂಬ್ಳೆ ಮಾಷ್ಟ್ರು
ಕಾಸರಗೋಡು ಕೇರಳಕ್ಕೆ ಸೇರಿದ 1956 ನವೆಂಬರ್ 1ರಿಂದ ಇದೇ ಪಾಡು ಮಾರಾಯ್ರೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಹುಳ.

ಹುಳದ ಹಿಂದೆ ಬಿದ್ದವಳು
ಬಾಯಾರಿನವಳು ನಾನು. ಕರುಳಿನ ಹುಳಗಳ ಮೇಲೆಯೇ ಪಿಎಚ್‌ಡಿ ನಡೆಯುತ್ತಿದೆ. ಮನೆಯಲ್ಲಿ ಊಟದ ಹೊತ್ತಿಗೆ ನನ್ನ ಕೆಲಸದ ಮಾತು ತೆಗೆಯುವ ಹಾಗಿಲ್ಲ. ಇಲ್ಲಾದರೂ ಮಾತಾಡುತ್ತೇನೆ.

ಅಕ್ಕ, ನಿಮ್ಮ ಮೈದುನ ಹೇಳಿದ್ದು ಪೂರ್ತಿ ಸುಳ್ಳಲ್ಲ. ತಾಪತ್ರಯ ಇರುವುದೇ ಅಲ್ಲಿ.

ಬ್ಯಾಕ್ಟೀರಿಯಾ ಸಣ್ಣದು. ಬಿಳಿ ರಕ್ತಕಣ ಅದನ್ನು ನುಂಗಿಬಿಡುತ್ತದೆ. ಆದರೆ ದುಂಡುಹುಳ, ಅಂದರೆ ಆಸ್ಕಾರಿಸ್, 15ರಿಂದ 35 ಸೆಂಟಿಮೀಟರ್ ಉದ್ದ. ಅದನ್ನು ಯಾವ ಕಣ ನುಂಗೀತು? ಅದಕ್ಕೆ ದೇಹ ಬೇರೆ ದಾರಿ ಹಿಡಿಯುತ್ತದೆ. ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಟಫ್ಟ್ ಕೋಶ ಅಂತ ಇರುತ್ತವೆ. ಅವು ಇರುವುದು ಮೊದಲೇ ಗೊತ್ತಿತ್ತು, ಕೆಲಸ ಏನು ಅಂತ ಸ್ಪಷ್ಟ ಆಗಿದ್ದು 2016ರಲ್ಲಿ, ಮೂರು ಬೇರೆ ಬೇರೆ ತಂಡಗಳಿಂದ. ಹುಳದ ಸುಳಿವು ಸಿಕ್ಕ ಕೂಡಲೇ ಈ ಕೋಶಗಳು ಐಎಲ್-25 ಎಂಬ ರಾಸಾಯನಿಕ ಸಂದೇಶ ಬಿಡುತ್ತವೆ. ಅದನ್ನು ಕೇಳಿದ ರಕ್ಷಣಾ ಕೋಶಗಳು ಐಎಲ್-13 ಬಿಡುತ್ತವೆ. ಆಗ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಹೆಚ್ಚಾಗುತ್ತವೆ, ಕರುಳು ಜೋರಾಗಿ ಹಿಂಡುತ್ತದೆ. ಲೋಳೆಯಲ್ಲಿ ಜಾರಿಸಿ ಹೊರಗೆ ತಳ್ಳುವ ಉಪಾಯ. ಐಜಿಇ ಎಂಬ ಪ್ರತಿಕಾಯ, ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣ ಏರುವುದು ಇದೇ ಗಲಾಟೆಯಲ್ಲಿ. ಉಬ್ಬಸ, ತುರಿಕೆ ಆಗುವಾಗ ದೇಹ ಬಳಸುವುದೂ ಇವೇ ಅಸ್ತ್ರಗಳನ್ನು.

ಹುಳ ಸುಮ್ನೆ ಕೂರುತ್ತಾ? ಅದಕ್ಕೆ ಒಂದೆರಡು ವರ್ಷ ಅಲ್ಲೇ ಬದುಕಬೇಕು. ಅದೂ ತನ್ನ ರಸ ಬಿಟ್ಟು, ರೋಗನಿರೋಧಕ ಶಕ್ತಿಗೆ ಕಡಿವಾಣ ಹಾಕುವ ಟಿ-ರೆಗ್ ಕೋಶಗಳನ್ನು ಹೆಚ್ಚಿಸುತ್ತದೆ. ಇಲಿಯ ಕರುಳಿನ ಒಂದು ಹುಳ ನಮ್ಮ ದೇಹದ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನ ವೇಷವನ್ನೇ ಹಾಕುತ್ತದೆ. ಈ ಕಡಿವಾಣ ಹುಳಕ್ಕೆ ಮಾತ್ರ ಅಂತ ಇರುವುದಿಲ್ಲ. ಧೂಳು, ಪರಾಗದ ಮೇಲಿನ ಸಿಟ್ಟೂ ಸ್ವಲ್ಪ ಇಳಿಯುತ್ತದೆ. ಮೈದುನ ಹಿಡಿದುಕೊಂಡಿರುವ ಎಳೆ ಇದು.

ತೋಟದ ಭಾವ
ನಾನು ಹೇಳಿದ್ದೂ ಇದನ್ನೇ ಅಲ್ವಾ? ನೀವು ಇಂಗ್ಲಿಷ್ ಹೆಸರು ಸೇರಿಸಿದಿರಿ ಅಷ್ಟೆ.

ಹುಳದ ಹಿಂದೆ ಬಿದ್ದವಳು
ಭಾವ, ಅರ್ಧ ಕಥೆ ಅದು. ಬ್ಯಾಕ್ಟೀರಿಯಾ ಇನ್ನೂ ಬಂದಿಲ್ಲ.

ಬೇಳ ಕ್ರಾಸ್
ನಮ್ಮದು ಸುರಂಗದ ನೀರು. ಗುಡ್ಡೆಯ ಹೊಟ್ಟೆಯಿಂದ ಬರುವ ನೀರು, ಕನ್ನಡಿಯಷ್ಟು ಸ್ವಚ್ಛ. ನಮ್ಮ ಮಕ್ಕಳಿಗೆ ಹುಳ ಎಲ್ಲಿಂದ ಬರಬೇಕು?

ಮುಳ್ಳೇರಿಯ ಲ್ಯಾಬ್
ಕೈಯಿಂದ. ಅಂಗಳದ ಮಣ್ಣಿನಿಂದ. ತೊಳೆಯದ ಸೊಪ್ಪಿನಿಂದ. ಒಂದು ಹೆಣ್ಣು ದುಂಡುಹುಳ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಮೊಟ್ಟೆ ಮಣ್ಣಿಗೆ ಬಿದ್ದು ಕೆಲವು ವಾರ ಹಣ್ಣಾಗಬೇಕು, ಆಮೇಲೆಯೇ ಸೋಂಕು. ಒದ್ದೆ ನೆರಳಿನ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅಡಿಕೆ ತೋಟಕ್ಕಿಂತ ಒದ್ದೆ ನೆರಳು ಬೇರೆ ಬೇಕಾ?

ಬೆಲ್ಲ ತಿಂದರೆ ಹುಳ ಆಗುವುದಿಲ್ಲ, ಅಕ್ಕನ ಅತ್ತೆಗೆ ಹೇಳಿ. ಮೊಟ್ಟೆ ಬಾಯಿಗೆ ಹೋಗದೆ ದುಂಡುಹುಳ ಹುಟ್ಟುವುದಿಲ್ಲ. ಹಲ್ಲು ಕಡಿಯುವ ಎಷ್ಟೋ ಮಕ್ಕಳ ಮಲದಲ್ಲಿ ಏನೂ ಇರುವುದಿಲ್ಲ.

ಪೆರ್ಲದ ಅಮ್ಮ
ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ 😄 ಬ್ಯಾಕ್ಟೀರಿಯಾದ ಕಥೆ ಹೇಳಿ.

ಹುಳದ ಹಿಂದೆ ಬಿದ್ದವಳು
ಚಾಟಿಹುಳದಿಂದ ಶುರು ಮಾಡೋಣ, ನನ್ನ ಪ್ರೀತಿಯ ಹುಳ. ದೊಡ್ಡಕರುಳಿನಲ್ಲಿ ಇರುತ್ತದೆ. ಲ್ಯಾಬ್ ಅಕ್ಕ, ಅದರ ಮೊಟ್ಟೆ ಹೇಗಿರುತ್ತದೆ ಅಂತ ಇವರಿಗೆ ಸ್ವಲ್ಪ ಹೇಳಿ. ಆಮೇಲೆ ನಾನು ಬರುತ್ತೇನೆ.

ಮುಳ್ಳೇರಿಯ ಲ್ಯಾಬ್
ಸರಿ. ಸ್ಲೈಡಿನ ಒಂದು ಬದಿಗೆ ಸಲೈನ್ ಹನಿ, ಇನ್ನೊಂದು ಬದಿಗೆ ಅಯೋಡಿನ್ ಹನಿ. ಕಡ್ಡಿಯ ತುದಿಯಲ್ಲಿ ಒಂದಿಷ್ಟೇ ಮಲ ತೆಗೆದು ಕಲಸಿ, ಮೇಲೆ ತೆಳು ಗಾಜು. ಗಾಜಿನ ಕೆಳಗೆ ಗುಳ್ಳೆ ನಿಲ್ಲಬಾರದು. ಹೊಸಬರು ಗುಳ್ಳೆಯನ್ನೇ ಮೊಟ್ಟೆ ಅಂತ ಬರೆಯುತ್ತಾರೆ. 10ರ ಲೆನ್ಸಿನಲ್ಲಿ ಮೂಲೆಯಿಂದ ಮೂಲೆಗೆ ಹುಡುಕಿ, ಅನುಮಾನ ಬಂದದ್ದನ್ನು 40ರಲ್ಲಿ ನೋಡಬೇಕು. ದುಂಡುಹುಳದ ಮೊಟ್ಟೆ ಕಂದು ಬಣ್ಣ, ಹೊರಗೆಲ್ಲ ಉಬ್ಬು ಉಬ್ಬು. ಕೊಕ್ಕೆಹುಳದ್ದು ತೆಳು ಚಿಪ್ಪು, ಒಳಗೆ ನಾಲ್ಕೆಂಟು ಕೋಶ ಬಿಡಿಬಿಡಿಯಾಗಿ ಕಾಣುತ್ತದೆ. ತಡ ಮಾಡಿದರೆ ಮರಿಯೇ ಆಗಿಬಿಡುತ್ತದೆ. ಚಾಟಿಹುಳದ್ದು ಉದ್ದುರುಟು, ಎರಡೂ ತುದಿಗೆ ಹೊಳೆಯುವ ಬಿರಡೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ.

ಉಪ್ಪಳ ಎಕ್ಸ್‌ಪ್ರೆಸ್
ಬೆಳಿಗ್ಗೆ ತಿಂಡಿ ತಿನ್ನುತ್ತಾ ಓದಿದೆ. ಥ್ಯಾಂಕ್ಸ್.

ಹುಳದ ಹಿಂದೆ ಬಿದ್ದವಳು
ಆ ಬಿರಡೆಯಲ್ಲೇ ಕಥೆ ಇರುವುದು. 2010ರಲ್ಲಿ ಮ್ಯಾಂಚೆಸ್ಟರಿನ ತಂಡ ಇಲಿಯ ಚಾಟಿಹುಳದ ಮೊಟ್ಟೆಗಳನ್ನು ಇ. ಕೋಲೈ ಬ್ಯಾಕ್ಟೀರಿಯಾದ ಜೊತೆ, ದೇಹದ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ ಇಟ್ಟು ನೋಡಿತು. ಬ್ಯಾಕ್ಟೀರಿಯಾ ತನ್ನ ಮೈಮೇಲಿನ ಸಣ್ಣ ರೋಮಗಳಿಂದ ಬಿರಡೆಯ ಜಾಗಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಆಗ ಮೊಟ್ಟೆ ಒಡೆಯುತ್ತದೆ. ಆಂಟಿಬಯೋಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕಡಿಮೆ ಮಾಡಿದ ಇಲಿಗಳಲ್ಲಿ ನೆಲೆಯಾದ ಹುಳಗಳೂ ಕಡಿಮೆ. ಅಂದರೆ ಹೊಟ್ಟೆ ತಲುಪಿದ್ದೇನೆ ಅಂತ ಹುಳಕ್ಕೆ ಗೊತ್ತಾಗುವುದೇ ಬ್ಯಾಕ್ಟೀರಿಯಾದಿಂದ.

2018ರಲ್ಲಿ ಅಲ್ಲಿಯವರೇ ಇನ್ನೊಂದು ವಿಷಯ ಕಂಡರು. ಹುಳ ನೆಲೆ ನಿಂತ ಮೇಲೆ ಇಲಿಯ ಕರುಳಿನ ಬ್ಯಾಕ್ಟೀರಿಯಾಗಳ ಕೂಟವೇ ಬದಲಾಗುತ್ತದೆ. ಬದಲಾದ ಕೂಟದಲ್ಲಿ ಹೊಸ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲ. ಕಾಸರಗೋಡು ಬಸ್ಸಿನಲ್ಲಿ ಮೊದಲು ಹತ್ತಿ ಸೀಟು ಹಿಡಿದವನು ಫುಟ್‌ಬೋರ್ಡಿನವರಿಗೆ "ಜಾಗ ಇಲ್ಲ, ಹಿಂದಿನ ಬಸ್ಸಿಗೆ ಬನ್ನಿ" ಅಂತಾನಲ್ಲ, ಹಾಗೆ. ಹುಳದ ಹೊಟ್ಟೆಯ ಒಳಗೂ ಅದರದ್ದೇ ಬ್ಯಾಕ್ಟೀರಿಯಾ ಇವೆ, ಅದನ್ನು ಅದು ತೆಗೆದುಕೊಳ್ಳುವುದು ಇಲಿಯಿಂದಲೇ.

ಈಗ ಉಬ್ಬಸಕ್ಕೆ ಬರೋಣ. 2015ರಲ್ಲಿ ಸ್ವಿಜರ್ಲೆಂಡಿನ ಲೊಸಾನ್‌ನ ತಂಡ ಇಲಿಗಳಿಗೆ ಒಂದು ಹುಳ ಹಿಡಿಸಿ, ಆಮೇಲೆ ಧೂಳಿನ ನುಸಿಯ ಅಲರ್ಜಿ ಬರಿಸಿತು. ಹುಳ ಇದ್ದ ಇಲಿಗಳಿಗೆ ಉಬ್ಬಸ ಕಡಿಮೆ. ಅವುಗಳ ಕರುಳಿನ ಬ್ಯಾಕ್ಟೀರಿಯಾವನ್ನು ಮಾತ್ರ ಬೇರೆ ಇಲಿಗಳಿಗೆ ಕೊಟ್ಟಾಗಲೂ ಉಬ್ಬಸ ಕಡಿಮೆಯೇ! ಹುಳ ಇಲ್ಲದೆ. ಹುಳ ಬಂದಾಗ ಬ್ಯಾಕ್ಟೀರಿಯಾಗಳು ನಾರಿನಂಶವನ್ನು ಹುಳಿಸಿ ಮಾಡುವ ಸಣ್ಣ ಕೊಬ್ಬಿನಾಮ್ಲಗಳು ಜಾಸ್ತಿಯಾಗುತ್ತವೆ, ಅವು ಟಿ-ರೆಗ್ ಕೋಶಗಳಿಗೆ ಬಲ ಕೊಡುತ್ತವೆ. ಕೆಲಸದ ಒಂದು ಪಾಲು ಬ್ಯಾಕ್ಟೀರಿಯಾದ್ದು, ಹೆಸರು ಹುಳಕ್ಕೆ.

ಕುಂಬ್ಳೆ ಮಾಷ್ಟ್ರು
ಚೆನ್ನಾಗಿದೆ. ಆದರೆ ಇಲಿ, ಇಲಿ, ಇಲಿ. ಪ್ರಯೋಗಶಾಲೆಯ ಇಲಿಗೆ ಒಂದೇ ಊಟ, ಒಂದೇ ಪಂಜರ, ಲೆಕ್ಕ ಹಾಕಿ ಕೊಟ್ಟ ಹುಳ. ಪೆರ್ಲದ ಮಗು ಗಂಜಿ ತಿನ್ನುತ್ತದೆ, ಹಲಸಿನಹಣ್ಣು ತಿನ್ನುತ್ತದೆ, ವರ್ಷದಲ್ಲಿ ಎರಡು ಸಲ ಜ್ವರಕ್ಕೆ ಆಂಟಿಬಯೋಟಿಕ್ ತಿನ್ನುತ್ತದೆ. ಮನುಷ್ಯರ ಲೆಕ್ಕ ಹೇಳಿ.

ಹುಳದ ಹಿಂದೆ ಬಿದ್ದವಳು
ಮಾಷ್ಟ್ರೆ, ನಿಮ್ಮ ಮಾತು ನ್ಯಾಯ. ಮನುಷ್ಯರಲ್ಲಿ ಲೆಕ್ಕ ಒಂದೇ ಥರ ಇಲ್ಲ. ಮಲೇಷ್ಯಾದ ಒರಾಂಗ್ ಅಸ್ಲಿ ಎಂಬ ಮೂಲನಿವಾಸಿಗಳಲ್ಲಿ ಹುಳ ಇದ್ದವರ ಕರುಳಿನಲ್ಲಿ ಬ್ಯಾಕ್ಟೀರಿಯಾದ ಬಗೆಗಳು ಜಾಸ್ತಿ ಅಂತ 2014ರಲ್ಲಿ ಕಂಡಿತು. 2016ರಲ್ಲಿ ನ್ಯೂಯಾರ್ಕಿನ ತಂಡ ಅದೇ ಜನರಲ್ಲಿ ಮಾತ್ರೆ ಕೊಟ್ಟ ಮೇಲೆ ಕ್ಲಾಸ್ಟ್ರಿಡಿಯೇಲ್ಸ್ ಗುಂಪು ಇಳಿದು ಬ್ಯಾಕ್ಟೀರಾಯ್ಡೇಲ್ಸ್ ಗುಂಪು ಏರಿದ್ದನ್ನು ತೋರಿಸಿತು. ಆ ತಂಡ ಕರುಳಿನ ಉರಿಯೂತಕ್ಕೆ ಸಂಬಂಧಪಟ್ಟ ಒಂದು ಜೀನ್ ಇಲ್ಲದ ಇಲಿಗಳಲ್ಲಿ ಇದರ ಹಿಂದಿನ ಕಾರಣವನ್ನೂ ಹುಡುಕಿತ್ತು. ಹುಳ ಬಂದಾಗ ಸುರಿಯುವ ಲೋಳೆ, ತೊಂದರೆ ಕೊಡುವ ಬ್ಯಾಕ್ಟೀರಿಯಾವನ್ನು ನೆಲೆ ನಿಲ್ಲಲು ಬಿಡುತ್ತಿರಲಿಲ್ಲ. ಅತ್ತ ಈಕ್ವೆಡಾರಿನ ಮಕ್ಕಳಲ್ಲಿ 2013ರಲ್ಲಿ ನೋಡಿದಾಗ ಚಾಟಿಹುಳ ಒಂದೇ ಇದ್ದವರ ಬ್ಯಾಕ್ಟೀರಿಯಾದಲ್ಲಿ ಹೇಳುವಂಥ ವ್ಯತ್ಯಾಸವೇ ಇಲ್ಲ. ಊಟ ಬೇರೆ, ಊರು ಬೇರೆ, ಹುಳ ಬೇರೆ. ಎಲ್ಲವನ್ನೂ "ಹುಳ" ಅಂತ ಒಂದೇ ಬುಟ್ಟಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಬದಿಯಡ್ಕ ಆಶಾ
ಪೆರ್ಲದ ಅಕ್ಕನ ಪ್ರಶ್ನೆ ಹಾಗೇ ಉಳಿಯಿತಲ್ಲ. ಒಂದೊಂದು ಹುಳದ ಲೆಕ್ಕ ಬೇರೆ ಅಂದರೆ ಉಬ್ಬಸಕ್ಕೆ ಯಾವುದು ಒಳ್ಳೇದು, ಯಾವುದು ಕೆಟ್ಟದು?

ಹುಳದ ಹಿಂದೆ ಬಿದ್ದವಳು
2006ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಕೊಕ್ಕೆಹುಳ ಇದ್ದವರಲ್ಲಿ ಉಬ್ಬಸ ಕಡಿಮೆ. ದುಂಡುಹುಳ ಇದ್ದವರಲ್ಲಿ ಉಬ್ಬಸ ಜಾಸ್ತಿ. ಹೌದು, ಜಾಸ್ತಿ! ದುಂಡುಹುಳದ ಮರಿ ಕರುಳಿನಿಂದ ರಕ್ತಕ್ಕೆ ಇಳಿದು, ಶ್ವಾಸಕೋಶ ಸೇರಿ, ಗಂಟಲಿಗೆ ಹತ್ತಿ, ಮತ್ತೆ ನುಂಗಿದಾಗ ಕರುಳಿಗೆ ಬರುತ್ತದೆ. ಆ ದಾರಿಯಲ್ಲಿ ಕೆಮ್ಮು, ಸುಂಯ್ ಸುಂಯ್ ಶಬ್ದ ಬರಬಹುದು. ಜೊತೆಗೆ ಈ ಹುಳದ ಮೈಯಲ್ಲಿರುವ ಟ್ರೋಪೋಮಯೋಸಿನ್ ಪ್ರೋಟೀನು ಧೂಳಿನ ನುಸಿಯದ್ದನ್ನು ಹೋಲುತ್ತದೆ. ಹುಳದ ಮೇಲೆ ತಯಾರಾದ ಐಜಿಇ ನುಸಿಯ ಮೇಲೂ ಹರಿಹಾಯಬಹುದು. ಮೈದುನನ ಮೆಸೇಜಿನಲ್ಲಿ ಈ ಭಾಗ ಇರಲಿಲ್ಲ ಅಲ್ವಾ?

ಉಪ್ಪಳ ಎಕ್ಸ್‌ಪ್ರೆಸ್
ಎಟ್ಟಿ ತಿಂದರೆ ನನಗೆ ಮೈಯೆಲ್ಲ ದದ್ದು ಬರುತ್ತದೆ. ಅದಕ್ಕೂ ಇದೇ ಪ್ರೋಟೀನಾ?

ಹುಳದ ಹಿಂದೆ ಬಿದ್ದವಳು
ಸಿಗಡಿ ಅಲರ್ಜಿಯಲ್ಲಿ ದೊಡ್ಡ ಕಾರಣ ಅದೇ. ನಿಮಗೆ ಅದೇನಾ ಅಂತ ಅಲರ್ಜಿ ಡಾಕ್ಟರೇ ಹೇಳಬೇಕು. ಅಲ್ಲಿವರೆಗೆ ಎಟ್ಟಿ ಪಕ್ಕದವರಿಗೆ ಕೊಡಿ.

ತೋಟದ ಭಾವ
ಹಾಗಾದರೆ ಕೊಕ್ಕೆಹುಳ ಒಳ್ಳೆಯದು. ಮಾತ್ರೆ ತಿಂದರೆ ಅದೂ ಹೋಗುತ್ತದಲ್ಲ?

ಮುಳ್ಳೇರಿಯ ಲ್ಯಾಬ್
ಭಾವ, ಕೊಕ್ಕೆಹುಳ ಕರುಳಿಗೆ ಕಚ್ಚಿ ರಕ್ತ ಕುಡಿಯುತ್ತದೆ. ನೆಕೇಟರ್ ಜಾತಿಯದ್ದು ಒಂದೊಂದು ದಿನಕ್ಕೆ ಸುಮಾರು 0.03 ಮಿಲಿಲೀಟರ್, ಆನ್ಸೈಲೋಸ್ಟೋಮ ಆದರೆ ಅದರ ಐದಾರು ಪಟ್ಟು. ನೆಕೇಟರ್ 100 ಇದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90. ಮುಟ್ಟಿನಲ್ಲಿ ಮೊದಲೇ ರಕ್ತ ಕಳೆದುಕೊಳ್ಳುವ ಹೆಣ್ಣುಮಕ್ಕಳ ಹಿಮೋಗ್ಲೋಬಿನ್ ರಿಪೋರ್ಟ್ ದಿನಾ ನನ್ನ ಕೈಯಲ್ಲಿ ಹೋಗುತ್ತದೆ. "ಒಳ್ಳೆಯದು" ಅನ್ನುವ ಪದ ಅಲ್ಲಿ ನಿಂತು ಹೇಳಿ ನೋಡುವ.

ಬೇಳ ಕ್ರಾಸ್
ನಮ್ಮ ಅಜ್ಜಿ ಹೇಳುತ್ತಿದ್ದರು, ಕಕ್ಕಸಿಗೆ ಗುಡ್ಡೆಗೆ ಹೋಗುವ ಕಾಲದಲ್ಲಿ ಊರಿನಲ್ಲಿ ಬಿಳಿಚಿಕೊಂಡ ಮಕ್ಕಳು ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದರಂತೆ. ಬರಿಗಾಲಲ್ಲಿ ಅಡಿಕೆ ಹೆಕ್ಕಲು ತೋಟಕ್ಕೆ ಇಳಿದರೆ ಪಾದ ತುರಿಸುತ್ತಿತ್ತಂತೆ. ಮನೆಯವರು ಕೆಸರಿನ ನಂಜು ಅಂತ ಅರಸಿನ ಹಚ್ಚುತ್ತಿದ್ದರು.

ಮುಳ್ಳೇರಿಯ ಲ್ಯಾಬ್
ಕೆಲವು ಸಲ ನಂಜೇ, ಬೆರಳ ಸಂದಿಯ ಫಂಗಸ್. ಕೆಲವು ಸಲ ಕೊಕ್ಕೆಹುಳದ ಮರಿ ಚರ್ಮ ಕೊರೆದು ಒಳಗೆ ಹೋದ ಗುರುತು. ಅದಕ್ಕೆ ಬಾಯಿ ಬೇಡ, ಬರಿಗಾಲು ಸಾಕು. ತೋಟದ ಕಣಿಗೆ ಇಳಿಯುವಾಗ ಗಂಬೂಟು ಹಾಕಿ ಅಂದರೆ ನಮ್ಮವರಿಗೆ ನಾಚಿಕೆ.

ತೋಟದ ಭಾವ
ನಾಚಿಕೆ ಅಲ್ಲ ಮಾರಾಯ್ತಿ, ಗಂಬೂಟಿನಲ್ಲಿ ಅಡಿಕೆ ಮರ ಹತ್ತಲಿಕ್ಕೆ ಆಗುತ್ತದಾ?

ಕುಂಬ್ಳೆ ಮಾಷ್ಟ್ರು
ಅಮೆರಿಕದ ಮಾತು ಬಂದಿತ್ತಲ್ಲ. ಅದೇ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕೊಕ್ಕೆಹುಳ ಓಡಿಸಲು 1909ರಲ್ಲಿ ರಾಕ್‌ಫೆಲ್ಲರ್ 10 ಲಕ್ಷ ಡಾಲರ್ ಕೊಟ್ಟಿದ್ದರು. ಅದಾಗಿ ನೂರು ವರ್ಷದ ಹತ್ತಿರ ಆದ ಮೇಲೆ ಮೊಟ್ಟೆ ಕುಡಿಯುವ ಯೋಚನೆ ಬಂತು.

ಪೆರ್ಲದ ಅಮ್ಮ
ಆ ಮೊಟ್ಟೆ ಕುಡಿದವರಿಗೆ ಏನಾಯಿತು? ಗುಣ ಆಯಿತಾ?

ಹುಳದ ಹಿಂದೆ ಬಿದ್ದವಳು
ಶುರುವಿನಲ್ಲಿ ಆಸೆ ಹುಟ್ಟಿತು. 2005ರಲ್ಲಿ ಅಯೋವಾದಲ್ಲಿ ಕ್ರೋನ್ಸ್ ಎಂಬ ಕರುಳಿನ ಉರಿಯೂತ ಇದ್ದ 29 ಜನ ಹಂದಿಯ ಚಾಟಿಹುಳದ 2,500 ಮೊಟ್ಟೆಗಳನ್ನು ಮೂರು ವಾರಕ್ಕೊಮ್ಮೆ ಕುಡಿದರು. ಮನುಷ್ಯನಲ್ಲಿ ಅದು ಬಹಳ ದಿನ ನಿಲ್ಲುವುದಿಲ್ಲ, ಅದಕ್ಕೇ ಅದನ್ನು ಆರಿಸಿದ್ದು. ಹೆಚ್ಚಿನವರು ಸುಧಾರಿಸಿದರು. ಆದರೆ ಅಲ್ಲಿ ಹೋಲಿಸಿ ನೋಡಲು ಮೊಟ್ಟೆ ಇಲ್ಲದ ನೀರು ಕುಡಿದ ಗುಂಪೇ ಇರಲಿಲ್ಲ. ಅದೇ ವರ್ಷ ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡಕರುಳಿನ ಹುಣ್ಣಿನ ಕಾಯಿಲೆ ಇದ್ದ 54 ಜನರಲ್ಲಿ ಹೋಲಿಸಿಯೇ ನೋಡಿದರು. ಮೊಟ್ಟೆ ಕುಡಿದವರಲ್ಲಿ ನೂರಕ್ಕೆ 43, ಕುಡಿಯದವರಲ್ಲಿ ನೂರಕ್ಕೆ 17 ಜನ ಸುಧಾರಿಸಿದರು. ಆಮೇಲೆ ಕ್ರೋನ್ಸ್‌ಗೆ ದೊಡ್ಡ ಪರೀಕ್ಷೆಗಳು ನಡೆದವು. 2013ರಲ್ಲಿ ಫಲಿತಾಂಶ ಬಂತು. ಸುಳ್ಳು ಔಷಧಕ್ಕಿಂತ ಮೇಲಲ್ಲ. ಕಂಪನಿಗಳು ಅಲ್ಲಿಗೇ ಕೈಬಿಟ್ಟವು. ಆಸ್ಟ್ರೇಲಿಯಾದವರು ಗೋಧಿ ಒಗ್ಗದವರ ತೋಳಿನ ಚರ್ಮಕ್ಕೆ ಕೊಕ್ಕೆಹುಳದ 20 ಮರಿ ಬಿಟ್ಟು ನೋಡಿದ್ದಾರೆ, ಬಹಳ ಸಣ್ಣ ಗುಂಪು. ಈಗ ಹೆಚ್ಚಿನವರ ಕಣ್ಣು ಹುಳದ ಮೇಲಿಲ್ಲ, ಅದು ಬಿಡುವ ಪ್ರೋಟೀನಿನ ಮೇಲೆ.

ಬೇಳ ಕ್ರಾಸ್
ಸರಿ, ಮಾತ್ರೆ ತಿಂದವರಿಗೆ ಅಲರ್ಜಿ ಜಾಸ್ತಿ ಆಯಿತಾ? ಅಕ್ಕ ಕೇಳಿದ್ದು ಅದು.

ಹುಳದ ಹಿಂದೆ ಬಿದ್ದವಳು
ಬರುತ್ತಿದ್ದೇನೆ. ಗ್ಯಾಬೊನ್‌ನಲ್ಲಿ ಹುಳದ ಮಾತ್ರೆ ಕೊಟ್ಟ ಮಕ್ಕಳ ಚರ್ಮಕ್ಕೆ ನುಸಿಯ ಸೂಜಿ ಪರೀಕ್ಷೆ ಮಾಡಿದಾಗ ಊತ ಬರುವುದು ಹೆಚ್ಚಾಗಿತ್ತು. ವಿಯೆಟ್ನಾಮಿನಲ್ಲೂ ಸೂಜಿ ಪರೀಕ್ಷೆಯಲ್ಲಿ ಹೆಚ್ಚಳ ಕಂಡಿತು, ಆದರೆ ಉಬ್ಬಸ, ಚರ್ಮದ ತುರಿಕೆ ಹೆಚ್ಚಲಿಲ್ಲ. ಈಕ್ವೆಡಾರಿನ ಶಾಲೆಗಳಲ್ಲಿ ಒಂದು ವರ್ಷ ಮಾತ್ರೆ ಕೊಟ್ಟರು, ಸೂಜಿ ಪರೀಕ್ಷೆಯಲ್ಲೂ ವ್ಯತ್ಯಾಸ ಇಲ್ಲ, ಉಬ್ಬಸದಲ್ಲೂ ಇಲ್ಲ. ಚರ್ಮ ಉಬ್ಬುವುದೇ ಬೇರೆ, ಮಗು ರಾತ್ರಿ ಎದ್ದು ಕೂತು ಉಸಿರಿಗೆ ಒದ್ದಾಡುವುದೇ ಬೇರೆ.

ಇನ್ನೊಂದು ಮಾತು. ರೋಗನಿರೋಧಕ ಶಕ್ತಿಗೆ ಹುಳ ಹಾಕುವ ಕಡಿವಾಣ ಲಸಿಕೆಗೂ ತಾಗುತ್ತದೆ. ಈಕ್ವೆಡಾರಿನಲ್ಲಿ ದುಂಡುಹುಳ ಇದ್ದ ಮಕ್ಕಳಿಗೆ ಮೊದಲು ಆಲ್ಬೆಂಡಜೋಲ್, ಅಂದರೆ ಇದೇ ಹುಳದ ಮಾತ್ರೆ ಕೊಟ್ಟು ಆಮೇಲೆ ಕಾಲರಾ ಲಸಿಕೆ ಕುಡಿಸಿದಾಗ ಲಸಿಕೆ ಚೆನ್ನಾಗಿ ಹತ್ತಿತು.

ನಾನಾದರೆ ಕೊಡಿಸುತ್ತೇನೆ ಅಕ್ಕ. ಹುಳ ಉಳಿಸಿ ಉಬ್ಬಸ ಕಳೆಯುವ ಲೆಕ್ಕ ಯಾವ ಮಗುವಿನಲ್ಲೂ ಕೂಡಿ ಬಂದಿಲ್ಲ.

ಉಪ್ಪಳ ಎಕ್ಸ್‌ಪ್ರೆಸ್
ಮಾತ್ರೆ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅಂದಿದ್ದರಲ್ಲ ಮೈದುನ?

ಮುಳ್ಳೇರಿಯ ಲ್ಯಾಬ್
ಆಲ್ಬೆಂಡಜೋಲ್ ಆಂಟಿಬಯೋಟಿಕ್ ಅಲ್ಲ. ಹುಳದ ಕೋಶದೊಳಗಿನ ಟ್ಯೂಬುಲಿನ್ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಹುಳ ಸಕ್ಕರೆ ಹೀರಲಾರದೆ ಸಾಯುತ್ತದೆ. ಬ್ಯಾಕ್ಟೀರಿಯಾದ ಕೂಟ ಬದಲಾಗುವುದು ಹುಳ ಹೋದದ್ದರಿಂದ. ಅಂದಹಾಗೆ ಒಂದು ಮಾತ್ರೆಗೆ ದುಂಡುಹುಳ ಚೆನ್ನಾಗಿ ಹೋಗುತ್ತದೆ, ಚಾಟಿಹುಳ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ನೀರ್ಚಾಲು ಪಾರು
ಇಷ್ಟೆಲ್ಲ ಯಾಕೆ? ಪಪ್ಪಾಯಿ ಬೀಜ ಒಣಗಿಸಿ ಜೇನಿನಲ್ಲಿ ಕೊಡಿ. ವಾಯುವಿಳಂಗದ ಕಷಾಯ ಇದೆ. ನಮ್ಮ ಅಮ್ಮ ವರ್ಷಕ್ಕೊಮ್ಮೆ ಹರಳೆಣ್ಣೆ ಕುಡಿಸಿ ಬಚ್ಚಲ ಕಡೆಗೆ ಓಡಿಸುತ್ತಿದ್ದರು.

ಬದಿಯಡ್ಕ ಆಶಾ
ಹರಳೆಣ್ಣೆ ಭೇದಿ ಮಾಡಿಸುತ್ತದೆ ಪಾರಕ್ಕ, ಹುಳ ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತದೆ. ಉಬ್ಬಸದ ಮಗುವಿಗೆ ಮನೆಮದ್ದಿನ ಪ್ರಯೋಗ ಬೇಡ.

ಪೆರ್ಲದ ಅಕ್ಕ, ಕೇಳಿ. 2015ರಲ್ಲಿ ಕೆಲವು ರಾಜ್ಯಗಳಲ್ಲಿ ಶುರುವಾಗಿ, ಆಮೇಲೆ ದೇಶದಲ್ಲೆಲ್ಲ 1ರಿಂದ 19 ವರ್ಷದವರಿಗೆ ಈ ಮಾತ್ರೆ ಕೊಡುತ್ತಿದ್ದಾರೆ. 2 ವರ್ಷ ದಾಟಿದವರಿಗೆ 400 ಮಿಲಿಗ್ರಾಂನ ಒಂದು ಪೂರ್ತಿ ಮಾತ್ರೆ, ಅದಕ್ಕಿಂತ ಸಣ್ಣವರಿಗೆ ಅರ್ಧ. ಅಗಿದು ತಿನ್ನಬೇಕು, ಹಾಗೇ ನುಂಗಿಸಬೇಡಿ. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದರೆ ಸ್ವಲ್ಪ ಹೊಟ್ಟೆನೋವು, ವಾಕರಿಕೆ ಬರಬಹುದು. ಆ ದಿನ ಜ್ವರವೋ ಉಬ್ಬಸವೋ ಜೋರಿದ್ದರೆ ಟೀಚರ್‌ಗೆ ಹೇಳಿ, ಹುಷಾರಾದ ಮೇಲೆ ಕೊಡಿಸಬಹುದು. ಇನ್ಹೇಲರ್ ಮಾತ್ರ ನಿಲ್ಲಿಸಬೇಡಿ. ಚೀಟಿಯ ಫೋಟೋ ಹಾಕಿ, ಕನ್ನಡದಲ್ಲಿ ಬರೆದು ಕೊಡುತ್ತೇನೆ, ಬೇರೆ ಅಮ್ಮಂದಿರಿಗೂ ಕಳಿಸಿ.

ಪೆರ್ಲದ ಅಮ್ಮ
ಫೋಟೋ ಹಾಕಿದ್ದೇನೆ ಆಶಾ ಅಕ್ಕ. ಅವಳ ಉಬ್ಬಸದ ಡಾಕ್ಟರಿಗೂ ಫೋನ್ ಮಾಡಿದೆ, ಧಾರಾಳವಾಗಿ ಕೊಡಿಸಿ ಅಂದರು. ಮೈದುನನಿಗೆ ಈ ಚರ್ಚೆಯ ಲಿಂಕ್ ಕಳಿಸಿದೆ. ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ.

ಉಪ್ಪಳ ಎಕ್ಸ್‌ಪ್ರೆಸ್
ಒಳ್ಳೆ ಬ್ಯಾಕ್ಟೀರಿಯಾಕ್ಕೆ ಮೊಸರು ತಿನ್ನಿಸಿದರೆ ಹುಳ ಹೋಗುತ್ತಾ?

ಹುಳದ ಹಿಂದೆ ಬಿದ್ದವಳು
ಮೊಸರು ತಿನ್ನಿಸಿ, ಊಟ ರುಚಿಯಾಗುತ್ತದೆ. ಹುಳಕ್ಕೆ ಅದರಿಂದ ಏನೂ ಆಗುವುದಿಲ್ಲ.

ತೋಟದ ಭಾವ
ನನಗೆ 58. ಶಾಲೆಯವರು ನನಗಂತೂ ಮಾತ್ರೆ ಕೊಡುವುದಿಲ್ಲ. ಇಡೀ ಜೀವನ ಬರಿಗಾಲಲ್ಲಿ ತೋಟದಲ್ಲೇ ಇದ್ದವನು. ಈಗ ಮೆಟ್ಟಿಲು ಹತ್ತಿದರೆ ಸುಸ್ತು. ಒಮ್ಮೆ ಪರೀಕ್ಷೆ ಮಾಡಿಸಬಹುದಾ ಲ್ಯಾಬಕ್ಕ?

ಮುಳ್ಳೇರಿಯ ಲ್ಯಾಬ್
ಬನ್ನಿ. ಮಲದ ಜೊತೆ ಹಿಮೋಗ್ಲೋಬಿನ್ ಕೂಡ ನೋಡುವ. ಸುಸ್ತಿಗೆ ಹೃದಯವೂ ಕಾರಣ ಇರಬಹುದು, ಡಾಕ್ಟರನ್ನು ಬಿಡಬೇಡಿ. ಡಬ್ಬಿ ನಮ್ಮಲ್ಲೇ ಸಿಗುತ್ತದೆ, ಹಿಂದಿನ ದಿನ ಬಂದು ತೆಗೆದುಕೊಂಡು ಹೋಗಿ. ಹಾರ್ಲಿಕ್ಸ್ ಬಾಟಲಿಯಲ್ಲಿ ತರಬೇಡಿ. ನೆಲಗಡಲೆಯಷ್ಟು ಸಾಕು, ಮೂತ್ರ ಸೇರಬಾರದು, ಬೆಳಿಗ್ಗಿನದ್ದನ್ನು ಬೆಳಿಗ್ಗೆಯೇ ತಲುಪಿಸಿ. ಫ್ರಿಜ್ಜಿನಲ್ಲಿ ಇಟ್ಟು ಮಧ್ಯಾಹ್ನದ ಬಸ್ಸಿಗೆ ತಂದವರೂ ಇದ್ದಾರೆ, ಹಾಗೆ ಮಾಡಬೇಡಿ.

ತೋಟದ ಭಾವ
ಫ್ರಿಜ್ಜಿನಲ್ಲಿ ಇಟ್ಟರೆ ಮನೆಯವಳು ನನ್ನನ್ನೇ ಹೊರಗೆ ಹಾಕುತ್ತಾಳೆ. ಸೋಮವಾರ ಬರುತ್ತೇನೆ.